ತೂಕದ ಜಾಗದಲ್ಲಿ ಶುಕ್ರವಾರ

ಓದುವ ಎಲ್ಲರಿಗೂ ಶರಣು. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು ನಾನು. ಎರಡೇ ಬೆರಳಲ್ಲಿ ಟೈಪು ಮಾಡುತ್ತೇನೆ. ಒತ್ತು, ದೀರ್ಘ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಡೂರಿನಲ್ಲಿ ಚಿಕ್ಕ ಮಕ್ಕಳ ತೂಕದ ಲೆಕ್ಕ ಇಡುವ ಒಂದು ಸಣ್ಣ ಆಫೀಸಿನಲ್ಲಿ ನನಗೆ ಕೆಲಸ. ಕಡೂರು, ತರೀಕೆರೆ, ಅಜ್ಜಂಪುರ ಮೂರು ಕಡೆಯಿಂದಲೂ ನಮ್ಮ ಕಾರ್ಯಕರ್ತೆಯರು ತಿಂಗಳಿಗೊಮ್ಮೆ ತೂಕ ಬರೆದು ಕಳಿಸುತ್ತಾರೆ. ಹೋದ ತಿಂಗಳಿಗಿಂತ ತೂಕ ಇಳಿದ ಮಕ್ಕಳನ್ನು ಹುಡುಕಿ ಪಟ್ಟಿ ಮಾಡುವುದು ನನ್ನ ಪಾಲು. ಪಟ್ಟಿಯಲ್ಲಿರುವ ಮಕ್ಕಳನ್ನು ಜೀಪಿನಲ್ಲಿ ತರೀಕೆರೆಗೆ ಕರೆದೊಯ್ದು ಡಾಕ್ಟರಿಗೆ ತೋರಿಸುತ್ತಾರೆ.

ಈ ಲೆಕ್ಕಕ್ಕಾಗಿ ಆರ್ ಎನ್ನುವ ಕಂಪ್ಯೂಟರ್ ಭಾಷೆ ಕಲಿತಿದ್ದೆ. ಕಲಿತಿದ್ದೆ ಎನ್ನುವುದಕ್ಕಿಂತ ಇಪ್ಪತ್ತು ಸಾಲಿನ ಆಜ್ಞೆಗಳ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಪ್ರತಿ ತಿಂಗಳೂ ಅದನ್ನು ಪೂರ್ತಿ ಕಾಪಿ ಮಾಡಿ ಆರ್ ಕಿಟಕಿಗೆ ಪೇಸ್ಟ್ ಮಾಡುವುದು, ಸಾಲುಗಳು ಸರಸರ ಓಡುವುದು, ಕೊನೆಯಲ್ಲಿ ಪಟ್ಟಿ ಬರುವುದು. ಮುಚ್ಚುವಾಗ ಇದನ್ನೆಲ್ಲ ಉಳಿಸಿಡಲೇ ಎಂದು ಅದು ಕೇಳಿದರೆ ಯಾವಾಗಲೂ ಹೌದು ಎನ್ನುತ್ತಿದ್ದೆ. ಕಷ್ಟಪಟ್ಟು ಮಾಡಿದ್ದನ್ನು ಅಳಿಸಲು ಮನಸ್ಸು ಬರುತ್ತಿರಲಿಲ್ಲ.

ಒಂದು ಸೋಮವಾರ ಹಾಗೇ ಪಟ್ಟಿ ಕಳಿಸಿದೆ. ಮಂಗಳವಾರ ಬೆಳಿಗ್ಗೆಯೇ ಅಜ್ಜಂಪುರದ ಕಡೆ ತೂಕ ಬರೆಯುವ ಕಾರ್ಯಕರ್ತೆ ಅಕ್ಕನ ಫೋನು.

"ಏನಪ್ಪಾ, ಹಳೇ ಪಟ್ಟಿನೇ ಕಳ್ಸಿದೀಯಲ್ಲ? ಮೊದ್ಲು ಬರ್ದಿರೋ ಅಂಗಡಿಯೋರ ಮಗ ಈಗ ಗುಂಡುಗುಂಡಗವ್ನೆ."

"ಕಂಪ್ಯೂಟರ್ ಕೊಟ್ಟಿದ್ದು ಅಕ್ಕಾ."

"ನಿನ್ ಕಂಪ್ಯೂಟ್ರಿಗೆ ಕಣ್ಣಿಲ್ಲ, ನಂಗೈತೆ. ಕುರಿ ಸಾಕೋರ ಮನೇಲಿ ಒಂದು ವರ್ಷದ ಹೆಣ್ಣು ಕೂಸೈತಲ್ಲ, ತೋಳು ಕಡ್ಡಿ ಆಗೋಗೈತೆ. ಅದ್ರ ಹೆಸ್ರೇ ಇಲ್ಲ. ಅವ್ರಜ್ಜಿ ಮಗು ಪಾಸಾಯ್ತು ಅಂತ ಕೇರಿಗೆಲ್ಲ ಬೆಲ್ಲ ಹಂಚ್ತಾವಳೆ. ನಾಳೆ ಜೀಪು ಬತ್ತದೆ, ಹತ್ಸಲ್ಲ ಅಂತಾಳೆ ಕಣಪ್ಪ."

ಆರ್ ಕಿಟಕಿಯನ್ನು ಮೇಲಕ್ಕೆ ಸರಿಸಿ ನೋಡಿದೆ. ಸಾಲುಗಳ ನಡುವೆ ತಪ್ಪಾಗಿದೆ ಎನ್ನುವ ಒಂದು ಕೆಂಪು ಸಾಲು ಇತ್ತು. ಅಜ್ಜಂಪುರದ ಫೈಲು ತೆಗೆದೆ. ಅದೇ ಕೂಸಿನ ಹೆಸರಿನ ಮುಂದೆ, ತೂಕ ಬರೆಯುವ ಜಾಗದಲ್ಲಿ ಅಕ್ಕ ಬರೆದಿದ್ದಳು: ಶುಕ್ರವಾರ, ಅಜ್ಜಿ ಬಿಡಲಿಲ್ಲ.

ನಮ್ಮ ಕಡೆ ಕೆಲವು ಮನೆಗಳಲ್ಲಿ ಮಂಗಳವಾರ, ಶುಕ್ರವಾರ ಮಕ್ಕಳನ್ನು ತೂಗಲು ಬಿಡುವುದಿಲ್ಲ. ದೃಷ್ಟಿಯಾಗುತ್ತದೆ ಎಂದು ಹೆದರಿಕೆ. ಅಕ್ಕ ನಡೆದದ್ದನ್ನು ನಡೆದ ಹಾಗೆ ಬರೆದಿದ್ದಳು. ಆದರೆ ಅಂಕಿಗಳ ನಡುವೆ ಒಂದು ಮಾತು ಬಂದರೆ ಆರ್ ಆ ತೂಕದ ಕಾಲಂ ಪೂರ್ತಿಯನ್ನು ಮಾತು ಎಂದೇ ತಿಳಿಯುತ್ತದೆ. ಮಾತಿನಿಂದ ಅಂಕಿಯನ್ನು ಕಳೆಯಲು ಬರುವುದಿಲ್ಲ. ಹೊಸ ಪಟ್ಟಿ ಮಾಡುವ ಸಾಲು ಅಲ್ಲೇ ಸೋತಿತ್ತು. ಪೇಸ್ಟ್ ಮಾಡಿದ ಉಳಿದ ಸಾಲುಗಳು ಮಾತ್ರ ನಿಲ್ಲದೆ ಮುಂದಕ್ಕೆ ಹೋಗಿ, ನಾನು ಹೌದು ಹೌದು ಎಂದು ಉಳಿಸಿಟ್ಟಿದ್ದ ಹೋದ ತಿಂಗಳ ಪಟ್ಟಿಯನ್ನೇ ಕೊಟ್ಟಿದ್ದವು. ಆಗ ಆ ಕೂಸು ಚೆನ್ನಾಗಿತ್ತು.

ಆ ಒಂದು ಜಾಗ ಖಾಲಿ ಮಾಡಿ, ಹೊಸ ಪಟ್ಟಿ ತೆಗೆದು ಮೂರೂ ಕಡೆಗೆ ಕಳಿಸಿದೆ. ಆದರೂ ಕೂಸಿನ ಹೆಸರು ಬರಲಿಲ್ಲ. ತೂಗಿಯೇ ಇಲ್ಲವಲ್ಲ. ಮನಸ್ಸು ತಡೆಯದೆ ಅಜ್ಜಂಪುರದ ಬಸ್ಸು ಹತ್ತಿದೆ.

ಅಕ್ಕ ಮೇಲೆ ಹತ್ತಿ ನಿಲ್ಲುವ ತಕ್ಕಡಿ ಹಿಡಿದು ಬಸ್‌ಸ್ಟ್ಯಾಂಡಿಗೇ ಬಂದಿದ್ದಳು. ಕುರಿ ಸಾಕುವವರ ಮನೆಯ ಮುಂದೆ ಕೂಸಿನ ಅಜ್ಜಿ ಕೂತಿದ್ದಳು.

"ನೀನೇನಾ ಪಟ್ಟಿ ಬರ್ಯೋನು? ಬಾರಪ್ಪಾ, ತಗೋ," ಎಂದು ಅಂಗೈಗೆ ಬೆಲ್ಲ ಇಟ್ಟಳು. ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ.

"ಅಜ್ಜಿ, ಪಟ್ಟಿ ತಪ್ಪಾಗೈತೆ. ತಪ್ಪು ನಂದೇ. ಕೂಸನ್ನ ಒಂದ್ಸಲ ತೂಗ್ಬೇಕು."

ಬಾಗಿಲಲ್ಲಿ ನಿಂತಿದ್ದ ತಾಯಿ ಸೊಂಟದ ಮೇಲಿದ್ದ ಕೂಸನ್ನು ಎದೆಗೆ ಎಳೆದುಕೊಂಡಳು. "ಇಳ್ದೈತಾ ಅಣ್ಣ?" ಎಂದಳು ಮೆಲ್ಲಗೆ.

"ಮಂಗಳವಾರ ತೂಗ್ತಾರೇನೋ? ನಿಮ್ಮವ್ವ ಇಷ್ಟೂ ಹೇಳ್ಕೊಟ್ಟಿಲ್ವಾ?" ಅಜ್ಜಿ ಎದ್ದೇ ನಿಂತಳು.

ಅಕ್ಕ ತಕ್ಕಡಿಯನ್ನು ಅಂಗಳದಲ್ಲಿ ಸಮ ಮಾಡಿಟ್ಟಳು. "ಕೂಸನ್ನ ತೂಗಲ್ಲ ಕಣಜ್ಜಿ. ನಿನ್ನ ತೂಗ್ತೀವಿ. ನಿಂಗ್ಯಾರು ದೃಷ್ಟಿ ಹಾಕ್ತಾರೆ?"

"ಹಲ್ಲಿಲ್ದೋಳಿಗೆ ಯಾರೇ ಹಾಕ್ತಾರೆ!"

"ಹಂಗಾರೆ ಮೊಮ್ಮಗಳನ್ನ ಎತ್ಕೊಂಡು ಒಂದ್ಸಲ ಹತ್ತು. ಆಮೇಲೆ ಇಳ್ಸಿ ಒಂದ್ಸಲ."

ಅಜ್ಜಿ ಅಕ್ಕನ ಮುಖವನ್ನೇ ನೋಡಿದಳು. "ನಂಗೇ ಲೆಕ್ಕ ಹೇಳ್ಕೊಡ್ತೀಯೇನೇ, ಕಳ್ಳಿ. ಜೀವಮಾನ ಎಲ್ಲ ಕುರಿ ಕಾದೋಳು ನಾನು," ಎಂದಳು. ಆದರೂ ಕೂಸನ್ನು ಎತ್ತಿಕೊಂಡು, ಸೆರಗಿನಿಂದ ಅದರ ಮುಖ ಮುಚ್ಚಿ ತಕ್ಕಡಿ ಹತ್ತಿದಳು. ಮತ್ತೆ ಒಬ್ಬಳೇ ಹತ್ತಿದಳು.

ಕಾಗದದ ಮೇಲೆ ಎರಡು ಸಲ ಕಳೆದೆ. ಹೋದ ತಿಂಗಳಿಗಿಂತ ಮುಕ್ಕಾಲು ಕೆ.ಜಿ. ಕಡಿಮೆ. ಎಷ್ಟು ಎಂದು ಅಜ್ಜಿ ಕೇಳಲಿಲ್ಲ. ನನ್ನ ಮುಖ ನೋಡಿ, "ಜೀಪು ಎಷ್ಟೊತ್ಗೆ?" ಎಂದಳು.

ಮಾರನೆಯ ದಿನ ಜೀಪು ಹೋದ ಹೊತ್ತಿನಲ್ಲಿ ನಾನು ಸ್ಕ್ರಿಪ್ಟ್ ತಿದ್ದುತ್ತಾ ಕೂತೆ. ಹಳೆಯದನ್ನೆಲ್ಲ ಮರೆ ಎಂದು ಮೊದಲ ಸಾಲು ಬರೆದೆ. ಪೇಸ್ಟ್ ಮಾಡುವುದು ಬಿಟ್ಟು ಇಡೀ ಫೈಲನ್ನು ಒಟ್ಟಿಗೆ ಓಡಿಸಿದರೆ ಮೊದಲ ತಪ್ಪಿಗೇ ನಿಲ್ಲುತ್ತದೆ ಎಂದು ಕಲಿತೆ. ಕಳೆಯುವ ಲೆಕ್ಕಕ್ಕೆ ಮುಂಚೆ ಒಂದು ಷರತ್ತು ಹಾಕಿದೆ. ತೂಕದ ಜಾಗ ಖಾಲಿ ಇದ್ದರೆ, ಅಥವಾ ಅಲ್ಲಿ ಬೇರೆ ಏನಾದರೂ ಇದ್ದರೆ, ಅಲ್ಲಿಗೇ ನಿಲ್ಲಬೇಕು. ನಿಂತಾಗ ಕಾಣುವ ಸಂದೇಶವನ್ನು ಕನ್ನಡದಲ್ಲೇ ಬರೆದೆ: "ನಿಲ್ಲು. ಒಂದು ಮಗುವಿನ ತೂಕ ಗೊತ್ತಿಲ್ಲ. ಫೋನ್ ಮಾಡಿ ಕೇಳು."

ಮಧ್ಯಾಹ್ನ ತರೀಕೆರೆಯಿಂದ ಅಕ್ಕ ಫೋನು ಮಾಡಿ ಅಜ್ಜಿಯ ಕೈಗೆ ಕೊಟ್ಟಳು.

"ಲೇ ಮಗಾ, ಡಾಕ್ಟ್ರು ಔಷ್ದಿ ಕೊಟ್ಟವ್ರೆ. ಬೇಗ ಬಂದ್ರಿ, ಹೆದರ್ಕಬೇಡಿ ಅಂದ್ರು. ಅವ್ರೂ ತೂಗಿದ್ರು ಕಣೋ. ಇರ್ಲಿ, ಇವತ್ತು ಬುಧವಾರ."

ನಾನು ಕೂಸಿನ ಹೆಸರಿನ ಮುಂದಿನ ಖಾಲಿ ಜಾಗಕ್ಕೆ ನಿನ್ನೆಯ ತೂಕ ತುಂಬುತ್ತಿದ್ದೆ. "ಕೇಳುಸ್ತೈತೇನೋ?" ಎಂದು ಅಜ್ಜಿ ಎರಡು ಸಲ ಕೂಗಿದಳು.

ನಿಲ್ಲಬೇಕಾದ ಕಡೆ ನಿಲ್ಲದ ಕೆಲಸ ನಿಮ್ಮ ಕೈಯಲ್ಲೂ ಆಗಿರಬಹುದು. ಕಂಪ್ಯೂಟರೇ ಆಗಬೇಕೆಂದಿಲ್ಲ. ಆಗ ಯಾರು ನಿಮ್ಮನ್ನು ತಡೆದು ನಿಲ್ಲಿಸಿದರು, ಆಮೇಲೆ ಏನಾಯಿತು, ನನಗೂ ಬರೆದು ತಿಳಿಸಿ.