ತೊಡೆಯ ಚೂರಿನಲ್ಲಿ ಕಾಣದ ಹುಳ

ಹೊಳೆಯಾಚೆಯ ಸಾಗೊ ಮರಗಳ ಮೇಲೆ ಬಿಸಿಲು ಬೀಳುವುದನ್ನು ದಾಬಿಯಾ ಕಾಯುತ್ತಿದ್ದಾರೆ. ಅವರ ಕೆಲಸ ನೋಡಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ. ಅವರ ಸೂಕ್ಷ್ಮದರ್ಶಕಕ್ಕೆ ದೀಪವಿಲ್ಲ. ಅಡಿಯ ಕನ್ನಡಿಯನ್ನು ಸೂರ್ಯನತ್ತ ತಿರುಗಿಸಬೇಕು. ಅಷ್ಟರೊಳಗೆ ಕಾಡುಹಂದಿಯ ಮಾಂಸವನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿ, ಎರಡು ದಪ್ಪ ಗಾಜುಗಳ ನಡುವೆ ಇಟ್ಟು ತಿರುಪು ಬಿಗಿಯುತ್ತಾರೆ. ಒಂದು ಹಂದಿಗೆ ಇಪ್ಪತ್ತೆಂಟು ಚೂರು, ವಾರಕ್ಕೆ ನಾಲ್ಕೈದು ಹಂದಿ. ಹನ್ನೊಂದು ವರ್ಷದಿಂದ ಇದೇ ಕೆಲಸ. ಮಾಂಸದೊಳಗೆ ಸುರುಳಿ ಸುತ್ತಿ ಮಲಗಿದ ದುಂಡುಹುಳ ಕಂಡರೆ ಇಡೀ ಹಂದಿಯನ್ನು ಸುಡಬೇಕು.

ಚೂರು ತಂದವನು ಬೇಟೆಗಾರ ಕುರೈ, ದಾಬಿಯಾರ ನಾದಿನಿಯ ಗಂಡ.

"ಮತ್ತೆ ತೊಡೇನೇ ತಂದ್ಯಾ?"

"ಬೇಗ ನೋಡಕ್ಕಾ. ನೀ ನೋಡೋಷ್ಟ್ರಲ್ಲಿ ಹಂದಿಗೆ ಜೀವ ಬಂದು ಎದ್ದು ಓಡುತ್ತೆ!"

ಹುಳ ಕಿಕ್ಕಿರಿಯುವುದು ನಾಲಿಗೆಯಲ್ಲಿ, ಎದೆಗೂ ಹೊಟ್ಟೆಗೂ ನಡುವಿನ ಪೊರೆಯಲ್ಲಿ. ತೊಡೆಯಲ್ಲಿ ಕಡಿಮೆ. ಆದರೆ ಪೊರೆ ಕಾಡಿನಲ್ಲೇ ನಾಯಿಗಳ ಪಾಲಾಗುತ್ತದೆ. ನಾಲಿಗೆ ಬೇಟೆಗಾರನ ಹೆಂಡತಿಯ ಅಣ್ಣನಿಗೆ ಸಲ್ಲಬೇಕು, ಇಡಿಯಾಗಿ. ಒಂದು ಚೂರು ಕೊಯ್ದು ಕೊಟ್ಟರೂ ಜಗಳಕ್ಕೆ ಕರೆದಂತೆ. ಅವನು ಅದನ್ನು ಹೊಗೆಯಲ್ಲಿಟ್ಟು, ನಡುವೆ ಕೆಂಪು ಉಳಿದಿರುವಾಗಲೇ ತಿನ್ನುತ್ತಾನೆ.

ಎರಡು ವರ್ಷದ ಹಿಂದೆ ಕುರೈ ತಂದ ತೊಡೆಯ ಚೂರುಗಳನ್ನು ನೋಡಿ ದಾಬಿಯಾ "ಹುಳ ಇಲ್ಲ" ಎಂದಿದ್ದರು. ನಾಲಿಗೆ ಅವರ ಮನೆಗೇ ಬಂತು, ಗಂಡ ಸೆಗಾಮಿಯ ಪಾಲಿಗೆ. ಎರಡು ವಾರಕ್ಕೆ ಅವನ ಮುಖ ಊದಿತು, ಕೈಕಾಲು ಎತ್ತಲಾಗಲಿಲ್ಲ. ಆರನೆಯ ವಾರ ತೀರಿಕೊಂಡ. ಒಲೆಯ ಮೇಲೆ ಹೊಗೆಗೆ ತೂಗುಹಾಕಿದ್ದ ನಾಲಿಗೆಯ ತುಂಡೊಂದು ಉಳಿದಿತ್ತು. ದಾಬಿಯಾ ಅದನ್ನು ಗಾಜಿನಡಿ ಇಟ್ಟು ನೋಡಿದರು. ಹುಳ ಕಿಕ್ಕಿರಿದಿದ್ದವು.

"ಎಣಿಸ್ಲಿಲ್ಲ. ಎಣಿಸಿ ಏನ್ ಮಾಡ್ಲಿ? 'ಇಲ್ಲ' ಅಂದೋಳು ನಾನೇ ಅಲ್ವಾ," ಎನ್ನುತ್ತಾರೆ ನನ್ನೊಡನೆ.

ಈಗ ಆ ಪಾಲು ಸೆಗಾಮಿಯ ತಮ್ಮ ಮಾರುಕ್‌ಗೆ ಹೋಗುತ್ತದೆ. ಕುರೈ ಹೆಂಡತಿಗೆ ಅವನೂ ಅಣ್ಣನೇ. ಇವತ್ತಿನ ನಾಲಿಗೆ ಆಗಲೇ ಅವನ ಹೊಗೆಗೂಡಿನಲ್ಲಿ ತೂಗುತ್ತಿದೆ.

"ಒಂದು ಉಗುರಿನಷ್ಟು ಕೊಯ್ದು ತಾರೋ," ಎಂದು ದಾಬಿಯಾ ಕೇಳುತ್ತಾರೆ.

"ಕೊಯ್ದ ನಾಲಿಗೆ ಕೊಟ್ಟು ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡ್ಲಾ ಅಕ್ಕಾ?"

ಬಿಸಿಲು ಬಂತು. ಇಪ್ಪತ್ತೆಂಟೂ ಚೂರು ನೋಡುವಷ್ಟರಲ್ಲಿ ಕುರೈ ಮೂರು ಸಲ ಆಕಳಿಸುತ್ತಾನೆ.

"ನಂಗೆ ಕಾಣ್ಲಿಲ್ಲ," ಎನ್ನುತ್ತಾರೆ ದಾಬಿಯಾ. "ಇಲ್ಲ" ಎನ್ನುವುದನ್ನು ಅವರು ಬಿಟ್ಟು ಎರಡು ವರ್ಷವಾಯಿತು.

ಕುರೈ ದಡಕ್ಕೆ ಓಡಿ ಕೂಗುತ್ತಾನೆ: "ಹುಳ ಇಲ್ವಂತೆ!"

ದಾಬಿಯಾ ಗಾಜನ್ನು ಹಾಗೇ ಬಿಟ್ಟು ಮಾರುಕ್‌ನ ಮನೆಗೆ ನಡೆಯುತ್ತಾರೆ. ಒಂದು ಗಂಟೆ ಕುದಿಸಿ ತಿನ್ನು ಎನ್ನುತ್ತಾರೆ. ಅವನು ಬಾಗಿಲಲ್ಲೇ ರೇಗುತ್ತಾನೆ.

"ಬೇಯಿಸಿದ್ದು ಹಲ್ಲಿಲ್ಲದ ಮುದುಕ್ರಿಗೆ. ನಮ್ಮಣ್ಣನ್ನ ತಿಂದಿದ್ದು ಸಾಲ್ದಾ, ನನ್ನ ಪಾಲಿಗೂ ಕಣ್ಣು ಹಾಕ್ತೀಯಾ ಅತ್ತಿಗೇ?"

ಅವನು ಒಳಗೆ ಹೋದ ಮೇಲೆ ನಾಲಿಗೆ ಕೊಯ್ಯುವ ಚಾಕುವಿನ ಸದ್ದು.

ನಿಮಗೇನಾದರೂ ಬೇಕೇ ಎಂದು ಹಿಂತಿರುಗುವ ದಾರಿಯಲ್ಲಿ ದಾಬಿಯಾರನ್ನು ಕೇಳಿದೆ. ಸಂಬಳವನ್ನೋ ದೀಪವನ್ನೋ ಹೇಳಬಹುದು ಎಂದುಕೊಂಡಿದ್ದೆ.

"ಮುಂದಿನ ತಿಂಗ್ಳೂ ಅವ್ನು ನನ್ನ ಹಿಂಗೇ ಬೈಯ್ತಾ ಇರ್ಲಿ," ಎಂದರು. "ಅಷ್ಟಾದ್ರೆ ಸಾಕು."