ಓಬಕ್ಕ ಮಾತ್ರೆ ನುಂಗಿದ್ದು

ದೊಡ್ಡಉಳ್ಳಾರ್ತಿ ಕಡೆ ಮನೆಮನೆಗೆ ಹೋಗಿ ಬಿಪಿ ನೋಡುವುದು ನನ್ನ ಕೆಲಸ. ಕುರಿ ಮೇಯಿಸುವಾಗ ತಲೆ ತಿರುಗಿ ಬಿದ್ದಿದ್ದ ಓಬಕ್ಕನಿಗೆ ಡಾಕ್ಟರು ಬಿಪಿ ಮಾತ್ರೆ ಬರೆದುಕೊಟ್ಟಿದ್ದರು. ತಂದ ಮಾತ್ರೆಯನ್ನು ಅವಳ ಗಂಡ ತಿಪ್ಪಣ್ಣ ಅವಳಿಗೆ ಕೊಡದೆ ತನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದ.

“ಒಂದ್ಸಲ ಶುರು ಮಾಡಿದ್ರೆ ಸಾಯೋತನಕ ನುಂಗ್ಬೇಕಂತೆ. ಬ್ಯಾಡ ಕಣವ್ವಾ,” ಎಂದು, ಅವರ ಮನೆಗೆ ಹೋದ ನನಗೇ ಬುದ್ಧಿ ಹೇಳಿದ.

ನಾನು ಬಾಯಿ ತೆರೆಯುವ ಮೊದಲೇ ಓಬಕ್ಕ ಎದ್ದು, ಅವನ ಜೇಬಿಗೆ ಕೈಹಾಕಿ ಮಾತ್ರೆ ಕಿತ್ತುಕೊಂಡಳು. “ನಿನ್ನ ಕಟ್ಕೊಂಡಿದ್ದೂ ಸಾಯೋತನಕಾನೇ. ನಿನ್ನನ್ನೇ ಸಹಿಸ್ಕೊಂಡೀನಿ, ಇಷ್ಟೇ ಇಷ್ಟು ಮಾತ್ರೆ ಹೆಚ್ಚಾ?” ಎಂದವಳೇ ನಮ್ಮೆದುರೇ ನುಂಗಿ ನೀರು ಕುಡಿದಳು.

ತಿಪ್ಪಣ್ಣ ನನ್ನ ಮುಂದೆ ತೋಳು ಚಾಚಿದ. ನೋಡಿದರೆ ಅವನ ಬಿಪಿ ಹೆಂಡತಿಯದಕ್ಕಿಂತ ಜಾಸ್ತಿ. ಬೈಸಿಕೊಂಡ ತಕ್ಷಣ ನೋಡಿದ್ದಕ್ಕೋ ಏನೋ. ಓಬಕ್ಕ ಮನೆಯಲ್ಲಿಲ್ಲದಾಗ ಇನ್ನೊಮ್ಮೆ ನೋಡಬೇಕು.