ಮಂಕರಿ ಕೆಳಗಿನ ಸೋಮಿ

ಮುದ್ದಿಯ ಮುಖವನ್ನು ಒಮ್ಮೆ ನೋಡಿದವರು ಎರಡನೇ ಸಲ ನೋಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಸಿಡುಬು ಬಂದು ಹೋಗಿತ್ತು. ಹಣೆ, ಮೂಗು, ಕೆನ್ನೆ ಎಲ್ಲ ಕಡೆ ಕುಳಿ ಬಿದ್ದಿದ್ದವು. ಅದಕ್ಕೆ ಅವಳಿಗೆ ಬೇಜಾರಿತ್ತು ಅಂದುಕೊಂಡಿರಾ? ಜಂಬ ಇತ್ತು, ಜಂಬ! "ಅಮ್ಮ ನನ್ ಮೇಲೆ ಬಂದು, ಕೂತು, ಉಂಡು ಹೋದವ್ಳೆ. ಇನ್ನು ನನ್ ಮನೆ ತಂಟೆಗೆ ಬರಕಿಲ್ಲ" ಅಂತ ತೋಟದ ಕೂಲಿಗಳ ಸಾಲುಮನೆಯ, ಅಂದರೆ ಲೈನಿನ, ಹೆಂಗಸರ ಮುಂದೆ ಕೈ ತಿರುವುತ್ತಿದ್ದಳು. ಸಿಡುಬು ಅನ್ನೋ ಮಾತನ್ನು ಅವರ ಪೈಕಿ ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಅಮ್ಮ ಬಂದಳು, ಅಮ್ಮ ಇಳಿದಳು, ಅಷ್ಟೇ. ಆ ಜಂಬವೇ ಮುಂದೆ ಅವಳನ್ನು ತಿಂದಿತು.

ಕೊಡಗು ಇನ್ನೂ ಮೈಸೂರಿಗೆ ಸೇರಿರದ ಕಾಲ ಅದು. ಮಡಿಕೇರಿಯಲ್ಲೇ ತನ್ನದೊಂದು ಸರ್ಕಾರ ಇಟ್ಟುಕೊಂಡಿತ್ತು. ಮುದ್ದಿ ಮತ್ತು ಅವಳ ಗಂಡ ಸಣ್ಣಸ್ವಾಮಿ ಹಾಸನದ ಕಡೆಯಿಂದ ಕಾಫಿ ಹಣ್ಣು ಕುಯ್ಯುವ ಪಿಕ್ಕಿಂಗಿಗೆ ಅಂತ ಬಂದವರು ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲೇ ಉಳಿದುಬಿಟ್ಟಿದ್ದರು. ಅವರಿಗೆ ಉಳಿದಿದ್ದು ಒಬ್ಬಳೇ ಮಗಳು, ಸೋಮಿ. ಏಳೆಂಟು ವರ್ಷ ಇದ್ದೀತು. ಆ ಹುಡುಗಿ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ನೀರಿಗೆ ಕಳಿಸಿದರೂ ಓಟ, ಉಪ್ಪಿಗೆ ಕಳಿಸಿದರೂ ಓಟ. ಸಿದ್ದಾಪುರದ ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿತೋ, ಕೈಲಿದ್ದದ್ದು ಬಿಸಾಕಿ ಅದನ್ನು ನೋಡಲು ಓಟ.

ಆ ಸಲ ಸಿಡುಬು ಬರದ ಹಾಗೆ ಮೊದಲೇ ತೋಳಿಗೆ ಚುಚ್ಚುವ ಸರ್ಕಾರದ ಮನುಷ್ಯ ಪೆಟ್ಟಿಗೆ ಹಿಡಿದುಕೊಂಡು ಲೈನಿಗೆ ಬಂದ. ಎಲ್ಲ ತಾಯಂದಿರೂ ಬೈದುಕೊಂಡೋ ಅತ್ತುಕೊಂಡೋ ಮಕ್ಕಳ ತೋಳು ಮುಂದೆ ಚಾಚಿದರು. ಮುದ್ದಿ ಮಾತ್ರ ಸೋಮಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಗೊಬ್ಬರ ಹೊರುವ ದೊಡ್ಡ ಮಂಕರಿಯನ್ನು ಅವಳ ಮೇಲೆ ಕವುಚಿ ಹಾಕಿದಳು. ಅಮ್ಮ ಒಲಿದ ಮನೆಯ ಮಗುವಿಗೆ ಸೂಜಿ ಚುಚ್ಚಿದರೆ ಅಮ್ಮನಿಗೇ ಚುಚ್ಚಿದ ಹಾಗೆ, ಮುನಿಸಿಕೊಂಡಾಳು ಅನ್ನೋದು ಅವಳ ಲೆಕ್ಕ. "ನಾನ್ ಬಂದು ಎತ್ತೋಗಂಟ ಉಸಿರೆತ್ತಬ್ಯಾಡ" ಅಂದಳು. ಆ ಮನುಷ್ಯ ಹೋದ ಮೇಲೆ ಬಂದು ಎತ್ತಿದಳು. ಸೋಮಿ ತಲೆ ತುಂಬ ಗೊಬ್ಬರದ ಪುಡಿ ಹೊತ್ತುಕೊಂಡು ಕಿಲಕಿಲ ನಗುತ್ತಾ ಈಚೆ ಬಂದು ಓಡಿಹೋದಳು.

ಕಾಫಿ ಹೂ ಬಿಡುವ ಮುಂಚೆ ಸೋಮಿಗೆ ಜ್ವರ ಕಾಯಿತು. ಆಮೇಲೆ ಮೈಯೆಲ್ಲ ಎದ್ದಿತು.

ತೋಟದ ಲೆಕ್ಕ ಬರೆಯುವ ರೈಟರ್ ತಿಮ್ಮಯ್ಯ ಮಾರು ದೂರದಲ್ಲೇ ನಿಂತು ಹೇಳಿದ: "ಏ ಮುದ್ದಿ, ತೋಡಿನ ಆಚೆ ಹಳೇ ಶೆಡ್ ಇದೆಯಲ್ಲ, ಅಲ್ಲಿಗೆ ಕರ್ಕೊಂಡು ಹೋಗು. ನಿನಗೆ ಒಂದ್ಸಲ ಬಂದು ಹೋಗಿದೆ, ನಿನಗೆ ಭಯ ಇಲ್ಲ. ನಾನು ಹೇಳೋವರೆಗೂ ಈಚೆ ಕಾಲಿಡಬಾರದು." ಅವನನ್ನು ಬೈಯೋಣ ಅಂದರೆ ಬಾಯಿ ಬರುವುದಿಲ್ಲ, ಲೈನಿನ ತುಂಬ ಮಕ್ಕಳಿದ್ದರು. ದಾರಿಗೆ ಅಡ್ಡ ಮುಳ್ಳು ಹಾಕಿಸಿದ. ಮುಳ್ಳಿನ ಪಕ್ಕದ ಕಲ್ಲಿನ ಮೇಲೆ ಹುಚ್ಚಮ್ಮ ಅನ್ನೋ ಮುದುಕಿ ಗಂಜಿ ಇಟ್ಟು ಹೋಗುವುದು ಅಂತ ಆಯಿತು. ಸಣ್ಣಸ್ವಾಮಿ ಸಂಜೆ ಹೊತ್ತು ತೋಡಿನ ಆ ದಡದಲ್ಲಿ ನಿಂತು "ಮಗ ಹೆಂಗದೇ?" ಅಂತ ಕೂಗೋನು. ಮುದ್ದಿ ಬಾಗಿಲಿಗೆ ಬಂದು ಉತ್ತರ ಹೇಳುವಷ್ಟರಲ್ಲಿ ಅವನ ಬೆನ್ನು ಕಾಣೋದು. ಥೂ, ಅಪ್ಪನಂತೆ ಅಪ್ಪ!

ಹುಲ್ಲಿನ ಮಾಡು, ನಾಲ್ಕು ಮಣ್ಣಿನ ಗೋಡೆ, ಕಿಟಕಿ ಅನ್ನೋದೇ ಇಲ್ಲದ ಶೆಡ್ಡು ಅದು. ಬಾಗಿಲಲ್ಲಿ ನಿಂತರೆ ಮುಳ್ಳು ಕಾಣೋದು, ಒಳಗೆ ತಿರುಗಿದರೆ ಮಗು. ಬೇವಿನ ಸೊಪ್ಪಿನ ಮೇಲೆ ಮಲಗಿದ್ದ ಮಗುವನ್ನು ಬೈಯುವ ಹಾಗಿಲ್ಲ, ಗದರುವ ಹಾಗಿಲ್ಲ. ಅದರ ಮೈಮೇಲೆ ಅಮ್ಮ ಇದ್ದಾಳಲ್ಲ! ಹೆತ್ತ ಮಗಳಿಗೇ ಕೈ ಮುಗಿದು "ತಾಯಿ, ಒಂದು ಗುಟುಕು ಕುಡೀರವ್ವ" ಅನ್ನಬೇಕು. ಮುದ್ದಿ ಅಂದಳು. ಸೋಮಿ ಹಲ್ಲು ಕಚ್ಚಿಕೊಂಡು ಮುಖ ಆಚೆ ತಿರುಗಿಸಿದಳು. ಅವಳ ರೆಪ್ಪೆಗಳು ಕೀವು ಕಟ್ಟಿ ಅಂಟಿಕೊಂಡಿದ್ದವು.

"ಅವ್ವ," ಅಂತ ಒಂದು ಮಧ್ಯಾಹ್ನ ಕರೆದಳು. "ನಾನಿನ್ನೂ ಮಂಕರಿ ಕೆಳಗೇ ಇದ್ದೀನಾ? ಯಾವಾಗ ಎತ್ತೀಯ?"

ಮುದ್ದಿ ಧಡಕ್ಕನೆ ಎದ್ದಳು. ಈಚೆ ಹೋಗಿ ಅಳೋಣ ಅಂದರೆ ಎಲ್ಲಿಗೆ ಹೋಗೋದು? ಗೋಡೆಗೆ ಹಣೆ ಒತ್ತಿ, ಉಗುರಲ್ಲಿ ಮಣ್ಣು ಪರಚುತ್ತಾ ಅತ್ತಳು. ಹಿಂದಿನ ದಿನದ ಹೂಮಳೆಗೆ ಮಾಡು ಸೋರಿ ಗೋಡೆ ನೆನೆದಿತ್ತು; ಮಣ್ಣು ಮೆತ್ತಗೆ ಬೆರಳಿಗೆ ಬಂತು.

ಆ ಮಳೆಗೆ ತೋಟ ಪೂರಾ ಹೂ ಬಿಟ್ಟಿತು. ಪರಿಮಳ ಶೆಡ್ಡಿನ ಒಳಗೂ ನುಗ್ಗಿತು. ಸೋಮಿ ಮೂಗು ಅರಳಿಸಿದಳು. "ಹೂ ಬಿಟ್ಟದಾ? ತೋರ್ಸು."

ಏನು ತೋರಿಸೋದು? ಕಿತ್ತುಕೊಂಡು ಬರೋಣ ಅಂದರೆ ಗಿಡಗಳೆಲ್ಲ ಮುಳ್ಳಿನ ಆಚೆ. ಮುದ್ದಿ ಗೋಡೆಯ ಮಣ್ಣನ್ನೇ ಉಂಡೆ ಮಾಡಿ, ಗೋಡೆಗೆ ಒತ್ತಿ, ಒಂದು ರೆಂಬೆ ಎಳೆದಳು. ಅದರ ಗೆಣ್ಣಿಗೆ ಗೊಂಚಲು ಗೊಂಚಲಾಗಿ ಹೂ ಚಿವುಟಿದಳು. ಮಗಳ ಕೈ ಹಿಡಿದು ಅದರ ಮೇಲೆ ಇಟ್ಟಳು. ಆ ಪುಟ್ಟ ಬೆರಳು ತಡವಿತು, ನಿಂತಿತು, ಮತ್ತೆ ತಡವಿತು. "ಈ ಕಡೆ ಒಂದು ಹೂವ ಕಮ್ಮಿ ಅದೆ" ಅಂದಳು ಸೋಮಿ. ಮುದ್ದಿ ಒಂದು ಹೂ ಸೇರಿಸಿದಳು. ಸೋಮಿ ಅವತ್ತು ಗಂಜಿ ಕುಡಿದಳು.

ಗಂಜಿ ಬಾಯಿಗೆ ಹೋಗಬೇಕಾದರೆ ಗೋಡೆ ಮೇಲೆ ಹೊಸದೊಂದು ಏಳಬೇಕು ಅನ್ನೋದು ಅಂದಿನಿಂದ ಪದ್ಧತಿಯೇ ಆಯಿತು. ಮುದ್ದಿ ಹಿಂದೆಂದೂ ಇಂಥದ್ದು ಮಾಡಿದವಳಲ್ಲ. ಬಾಗಿಲಿಗೆ ಎರಡೆಳೆ ರಂಗೋಲಿ ಎಳೆದರೂ ಸೊಟ್ಟ. ಆದರೂ ತೋಡಿನ ಅಂಚಿಂದ ಜೇಡಿಮಣ್ಣು ತಂದು, ತುಳಿದು, ಬಸ್ಸು ಮಾಡಿದಳು. ಚಕ್ರ ಒಂದು ದೊಡ್ಡದು ಒಂದು ಚಿಕ್ಕದು ಆಗಿ, ಸೋಮಿ "ಈ ಬಸ್ಸು ಸಿದ್ದಾಪುರಕ್ಕೆ ಹೋಗಕಿಲ್ಲ, ತಿರುಗಿ ತಿರುಗಿ ಇಲ್ಲಿಗೇ ಬತ್ತದೆ" ಅಂತ ನಕ್ಕಳು. ಅವಳು ಕೇಳಿದಳು ಅಂತ ಮುದ್ದಿ ತನ್ನ ಮುಖವನ್ನೂ ಮಾಡಿದಳು, ನುಣ್ಣಗೆ, ಚೆಂದಾಗಿ. ಸೋಮಿ ತಡವಿ ನೋಡಿ ಮುಖ ಸಿಂಡರಿಸಿದಳು. "ಇದ್ಯಾರವ್ವ? ನೀನಲ್ಲ. ಕುಳಿಗಳೆಲ್ಲಿ?" ಮುದ್ದಿ ಪೊರಕೆ ಕಡ್ಡಿ ತಗೊಂಡು ಕೆನ್ನೆಗೆಲ್ಲ ಕುಳಿ ಚುಚ್ಚಿದಳು. "ಹ್ಞಾಂ, ಈಗ ನೀನು" ಅಂದಳು ಮಗಳು. ಮುದ್ದಿಗೆ ನಗು ಬಂತು, ಹಿಂದೆಯೇ ಅಳು. ಅಷ್ಟು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಬೆಳಿಗ್ಗೆ ಕಣ್ಣು ಬಿಟ್ಟರೆ ಈಗ 'ಇವತ್ತು ಏನು ಮಾಡಲಿ' ಅಂತ ಕೈ ತುರಿಸೋದು. ಮುಳ್ಳು ಅಲ್ಲೇ ಇತ್ತು, ಕೀವಿನ ನಾತವೂ ಅಲ್ಲೇ ಇತ್ತು. ಆದರೂ ಜೇಡಿ ಕೈಲಿದ್ದಷ್ಟು ಹೊತ್ತು ಮಗಳು ಉಳಿಯುತ್ತಾಳೆ ಅನಿಸುತ್ತಿತ್ತು.

ಕೊನೆಗೆ ಸೋಮಿ ಕೇಳಿದಳು: "ಆ ಮಂಕರಿ ಮಾಡು. ಕೆಳಗೆ ನನ್ನೂ ಮಾಡು."

"ಅದ್ಯಾಕ್ ಮಗ, ಆನೆ ಮಾಡ್ತೀನಿ."

"ಆನೆ ಬ್ಯಾಡ."

ಬೈಯುವ ಹಾಗಿಲ್ಲವಲ್ಲ! ಮುದ್ದಿ ಗೋಡೆಯ ತಳದಲ್ಲಿ ಹೆಬ್ಬೆರಳು ಗಾತ್ರದ ಒಂದು ಗೊಂಬೆ ಕೂರಿಸಿದಳು. ತಲೆ, ಮೈ, ಎರಡು ಕೈ. ಕವುಚಿ ಹಾಕುವುದು ತಾನೇ ಅಂತ ಕಾಲು ಮಾಡಲಿಲ್ಲ. ಅದರ ಮೇಲೆ ದಪ್ಪನೆ ಜೇಡಿಯ ಮಂಕರಿ ಮುಚ್ಚಿದಳು. ಸೋಮಿ ಎರಡೂ ಕೈಯಲ್ಲಿ ಅದನ್ನು ಸವರಿದಳು.

"ಯಾವಾಗ ಎತ್ತೀಯ?"

"ಅಮ್ಮ ಇಳಿದ ದಿನ ಎತ್ತೀನಿ ಕಣವ್ವ. ನೀನೇ ಕಣ್ಣಾರೆ ನೋಡೀಯಂತೆ."

ಅಮ್ಮ ಇಳಿದಳು. ಹಕ್ಕಳೆ ಒಣಗಿ ಉದುರಿತು. ಹುಚ್ಚಮ್ಮ ಬೇವು ಹಾಕಿದ ನೀರು ತಂದಳು. ಮುದ್ದಿ ಮಗಳ ತಲೆಗೆ ಹಾಕಿ, ಹತ್ತಿ ಅದ್ದಿ ರೆಪ್ಪೆ ಬಿಡಿಸಿದಳು. ಎರಡು ಕಣ್ಣಲ್ಲೂ ಅನ್ನದ ತಿಳಿಯಂಥ ಬಿಳುಪು ತುಂಬಿಕೊಂಡಿತ್ತು. ಮುದ್ದಿ ಕೈ ಆಡಿಸಿದಳು. ಗುಡ್ಡೆ ಅಲ್ಲಾಡಲಿಲ್ಲ.

"ಮಂಕರಿ ಎತ್ತು" ಅಂದಳು ಸೋಮಿ.

ಹೆಂಗೆ ಎತ್ತೋದು? ಮುದ್ದಿ "ನಾಳೆ, ನಾಳೆ" ಅಂದಳು. ಅಷ್ಟರಲ್ಲಿ ತಿಮ್ಮಯ್ಯ ಮುಳ್ಳು ತೆಗೆಸಿದ. ಆಳುಗಳು ಕಾಫಿ ಹೊಟ್ಟಿನ ಚೀಲ ಹೊತ್ತು ತಂದು, ಶೆಡ್ಡಿನೊಳಗೆ ಎದೆ ಮಟ್ಟಕ್ಕೆ ಸುರಿದರು. ಸಿಡುಬಿನ ಜಾಗ ನಿಧಾನಕ್ಕೆ, ಪೂರ್ತಿ ಸುಡಬೇಕು, ಬರೀ ಹುಲ್ಲು ಭಗ್ ಅಂತ ಉರಿದು ಆರಿಹೋಗುತ್ತದೆ ಅಂತ. ಮುದ್ದಿ ಅವನ ಕಾಲು ಹಿಡಿಯಲು ಬಗ್ಗಿದಳು. "ಬುದ್ಧಿ, ಆ ಒಂದು ಗೋಡೆ ಬಿಡಿ. ನನ್ ಮಗ ಅದನ್ನ ನೋಡ್ಕಂಡೇ ಬದುಕಿದ್ದು."

"ಕುರುಡು ಮಗು ಏನು ನೋಡುತ್ತೆ ಮಾರಾಯ್ತಿ? ಗೋಡೆಗೋಸ್ಕರ ಲೈನನ್ನೇ ಸಾಯಿಸ್ತೀಯಾ?" ಅಂದು ತಿಮ್ಮಯ್ಯ ಹಿಂದೆ ಸರಿದ. ಕೊಳ್ಳಿ ಇಟ್ಟರು.

ಲೈನಿನ ಕೋಣೆಗೆ ಬಂದ ಸೋಮಿ ಗೋಡೆ ತಡವಿದಳು. ಬರೀ ನುಣ್ಣನೆ ಸುಣ್ಣ. ಕಂಬಳಿ ಎಳೆದುಕೊಂಡು ಮುಖ ಮುಚ್ಚಿ ಮಲಗಿದಳು. ಮತ್ತೆ ಹಲ್ಲು ಕಚ್ಚಿದಳು. ಮುದ್ದೆ ಬೇಡ, ಬೆಲ್ಲ ಬೇಡ, ಅಪ್ಪ ತಂದ ಮಿಠಾಯಿ ಬೇಡ. ಸಿಡುಬಿಗೆ ಸಾಯದ ಮಗು ಈಗ ಸುಮ್ಮನೆ ಮಲಗಿ ಸಾಯುತ್ತದೆ ಅಂತ ಮುದ್ದಿಗೆ ಖಾತ್ರಿಯಾಯಿತು. ತೋಡಿನ ಆಚೆ ಹೊಟ್ಟು ಹೊಗೆಯಾಡುತ್ತಲೇ ಇತ್ತು. ಒಂದು ದೊಡ್ಡ ಮಳೆ ಹೊಡೆದು ಅದು ಆರಿತು.

ಮಳೆ ಬಿಟ್ಟ ಬೆಳಿಗ್ಗೆ ಮುದ್ದಿ ಆ ಜಾಗದ ಮಣ್ಣನ್ನೇ ತರೋಣ, ಲೈನಿನ ಗೋಡೆಗೆ ಮೆತ್ತೋಣ, ರೈಟರ್ ಬೈದರೆ ಬೈಯಲಿ ಅಂತ ಹೋದಳು. ಮಾಡು ಇರಲಿಲ್ಲ, ಮೂರು ಗೋಡೆ ಕುಸಿದು ಬೂದಿಯಲ್ಲಿ ಹೂತಿದ್ದವು. ಅವಳು ಜೇಡಿ ಮೆತ್ತಿದ್ದ ನಾಲ್ಕನೆಯದು ನಿಂತಿತ್ತು. ಹತ್ತಿರ ಹೋಗಿ ಉಗುರು ಒತ್ತಿದಳು, ಉಗುರು ಇಳಿಯಲಿಲ್ಲ. ಬೆರಳ ಗೆಣ್ಣಲ್ಲಿ ಬಡಿದಳು. ಗಡಿಗೆ ಬಡಿದ ಹಾಗೆ ಟಣ್ ಅಂತು. ದಿನಗಟ್ಟಲೆ ಒಳಗೊಳಗೇ ಉರಿದ ಹೊಟ್ಟು ಅದನ್ನು ಕುಂಬಾರನ ಆವಿಗೆಯಲ್ಲಿಟ್ಟ ಹಾಗೆ ಸುಟ್ಟಿತ್ತು. ಕೆಂಪಗೆ ಹೂವಿನ ರೆಂಬೆ, ಕೆಂಪಗೆ ಸೊಟ್ಟ ಬಸ್ಸು, ಕುಳಿ ಕುಳಿಯಾಗಿ ಅವಳದೇ ಮುಖ. ಅಯ್ಯೋ ನನ್ನವ್ವ ಅಂತ ಮುದ್ದಿ ಬೂದಿಯಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಎದ್ದು ಲೈನಿಗೆ ಓಡಿದಳು. ಮಗಳನ್ನು ಕಂಬಳಿ ಸಮೇತ ಎತ್ತಿಕೊಂಡು ಬಂದಳು.

ಸೋಮಿ ಮೊದಲು ಹೂ ಹಿಡಿದಳು. ಆಮೇಲೆ ಬಸ್ಸು. ಮುಖದ ಕುಳಿಗಳಲ್ಲಿ ಒಂದೊಂದಾಗಿ ಬೆರಳು ಇಟ್ಟಳು. ಮತ್ತೆ ಮೊಣಕಾಲೂರಿ ಕೂತು ಗೋಡೆಯ ತಳಕ್ಕೆ ಕೈ ಇಳಿಸಿದಳು. ಮಂಕರಿಯ ದಪ್ಪ ಜೇಡಿ ಬೆಂಕಿಗೆ ಸಿಡಿದು ಉದುರಿಹೋಗಿತ್ತು. ಅವಳ ಕೈಗೆ ನೇರ ಗೊಂಬೆಯೇ ಸಿಕ್ಕಿತು.

"ಅವ್ವ! ಮಂಕರಿ ಎತ್ತಿದೀಯ!"

ಹೂಂ ಅಂದುಬಿಡಬಹುದಿತ್ತು. ಆ ಮಾತು ಮುದ್ದಿಯ ನಾಲಿಗೆ ತುದಿವರೆಗೂ ಬಂದಿತ್ತು.

"ನಾನ್ ಎತ್ತಲಿಲ್ಲ ಮಗ" ಅಂದಳು. "ಬೆಂಕಿ ಎತ್ತಿತು. ಸೂಜಿ ಚುಚ್ಚೋನು ಬಂದಾಗ ನಿನ್ನ ಮುಚ್ಚಿಟ್ಟೋಳು ನಾನು. ಅದಕ್ಕೇ ನಿನ್ ಕಣ್ಣು ಹೋದೊ. ಈ ಕತ್ತಲೆ ಇನ್ನು ಹೋಗಕಿಲ್ಲ."

ಸೋಮಿ ಗೊಂಬೆಯ ತಲೆ, ಮೈ, ಕೈ, ಎಲ್ಲ ಸವರಿದಳು. ಕೆಳಗೆ ಸವರಿದಳು, ಮತ್ತೆ ಮತ್ತೆ ಸವರಿದಳು.

"ಇದಕ್ಕೆ ಕಾಲೇ ಇಲ್ಲವಲ್ಲವ್ವ."

"ಮಾಡಿರಲಿಲ್ಲ ಮಗ. ಕೆಳಗೆ ಕೂತಿರೋದು ತಾನೇ ಅಂತ..."

"ಈಗ ಈಚೆ ಬಂದದಲ್ಲ. ಕಾಲಿಲ್ದೆ ಹೆಂಗೆ ಓಡ್ತದೆ?" ಸೋಮಿ ಅಂಗೈ ಮುಂದೆ ಚಾಚಿದಳು. "ಜೇಡಿ ತಂದ್ಕೊಡು. ನಾನೇ ಮಾಡ್ತೀನಿ."

ಮುದ್ದಿ ಸೆರಗಲ್ಲಿ ಮೂಗು ಒರೆಸಿಕೊಂಡು ತೋಡಿನ ಕಡೆ ನಡೆದಳು.